ಅಪ್ಪನ ಪೋರ್ಚುಗೀಸ್

"ಅಂದ್ ನೋಡವ್ವಾ, ಫೋನೇನ್ ಕಡೀತೈತೇನ?" ಗಾರೆ ಕೆಲಸದ ಗೌಂಡಿ ಪರಮಣ್ಣ ಮೊಬೈಲನ್ನು ಮಗಳ ಬಾಯಿಯ ಹತ್ತಿರ ಹಿಡಿದ. ಅಶ್ವಿನಿ ಮುಖ ಅತ್ತ ತಿರುಗಿಸಿದಳು. ಹಿಂದೆ ಪೋರ್ಚುಗೀಸರು ಆಳಿದ್ದ ಕೆಪೆ ಊರಿನ ಶಾಲೆಯಲ್ಲಿ ಅವಳ ಪೋರ್ಚುಗೀಸ್ ಉಚ್ಚಾರ ಕೇಳಿ ಹುಡುಗಿಯರು ನಕ್ಕಿದ್ದರು. ಅಂದಿನಿಂದ ಆ ತರಗತಿಯಲ್ಲಿ ಅವಳು ಬಾಯಿ ತೆರೆದಿರಲಿಲ್ಲ. ನಾಳೆ ಮೌಖಿಕ ಪರೀಕ್ಷೆ.

ಪೋರ್ಚುಗೀಸಿನಲ್ಲಿ 'ಧನ್ಯವಾದ' ಹೇಳುವುದನ್ನು ಫೋನಿನಲ್ಲಿದ್ದ ಭಾಷೆ ಕಲಿಸುವ ಆ್ಯಪ್ ಮತ್ತೊಮ್ಮೆ ಹೇಳಿಕೊಟ್ಟಿತು. ಪರಮಣ್ಣ ಫೋನನ್ನು ತನ್ನತ್ತ ತಿರುಗಿಸಿಕೊಂಡು, "ಒಬ್ಬರಿಗಾದಾ" ಎಂದ. ತಪ್ಪೆಂದು ಪರದೆ ಕೆಂಪಾಯಿತು. "ಒಬ್ಬರಿಗಾದಾ!" ಎಂದು ಇನ್ನೂ ಜೋರಾಗಿ ಕೂಗಿದ. ಮತ್ತೆ ಕೆಂಪು.

ಅಶ್ವಿನಿಗೆ ನಗು ತಡೆಯಲಾಗಲಿಲ್ಲ. "ಒಬ್ಬರಿಗಲ್ಲ ಯಪ್ಪಾ! ಗಂಡಸ್ರು 'ಒಬ್ರಿಗಾದು' ಅನ್ಬೇಕು. ನಾವ್ ಹೆಣ್ಮಕ್ಳು..." ಎನ್ನುತ್ತ ಫೋನ್ ಕಸಿದುಕೊಂಡು ಸ್ಪಷ್ಟವಾಗಿ ಹೇಳಿದಳು, "ಒಬ್ರಿಗಾದಾ."

ಪರದೆ ಹಸಿರಾಯಿತು. ಪರಮಣ್ಣ ಫೋನಿಗೆ ಕೈ ಚಾಚಿದ. ಅವಳು ಕೊಡಲಿಲ್ಲ.

"ತಡೀಯಪ್ಪಾ, ಮುಂದಿಂದೂ ನಾನ ಅಂತೇನಿ."