ಐದನೇ ಅಧ್ಯಾಯದ ಬಲ

ಹರಿಣಿ ವಿಡಿಯೋವನ್ನು ಮೂರನೇ ಸಲ ಹಿಂದಕ್ಕೆಳೆದು ನಿಲ್ಲಿಸಿದಳು. ಅನುಮಾನಕ್ಕೆ ಎಡೆಯೇ ಇರಲಿಲ್ಲ. ಒಂದೇ ಗಾಲಿಯ ಮೇಲೆ ನಿಂತು ತೂಗುತ್ತಿದ್ದ ಸೊಂಟದೆತ್ತರದ ಯಂತ್ರ ಇನ್ನೇನು ಎಡಕ್ಕೆ ವಾಲಬೇಕು, ಅಷ್ಟರಲ್ಲಿ ಪರದೆಯ ಅಂಚಿನಿಂದ ಒಂದು ತೋರುಬೆರಳು ಬಂದು, ಇಸ್ತ್ರಿಪೆಟ್ಟಿಗೆ ಕಾದಿದೆಯೇ ಎಂದು ನೋಡುವವರ ಹಾಗೆ ಅದನ್ನು ಮೆಲ್ಲಗೆ ತಾಗಿ ಹಿಂದೆ ಸರಿದಿತ್ತು. ಯಂತ್ರ ನೆಟ್ಟಗಾಗಿತ್ತು. ಬೆರಳಲ್ಲಿ ತಾಮ್ರದ ಉಂಗುರ. ಇಡೀ ರೋಬೋಟ್ ಲ್ಯಾಬಿನಲ್ಲಿ ಅಂಥ ಉಂಗುರ ಇದ್ದದ್ದು ಒಬ್ಬರಿಗೇ.

“ಮಾಮಾ, ಇಲ್ಲಿ ಬನ್ನಿ.”

ಬಂಡೆಪ್ಪ ಕೈ ಒರೆಸಿಕೊಳ್ಳುತ್ತ ಬಂದರು. ಇಂಡಿ ತಾಲ್ಲೂಕಿನವರು, ಇಪ್ಪತ್ತೆರಡು ವರ್ಷದಿಂದ ಇಲ್ಲಿ ಅಟೆಂಡರ್. ಪ್ರಯೋಗ ನಡೆಯುವಾಗ ಯಂತ್ರದ ಪಕ್ಕದಲ್ಲಿ ನಿಂತು, ಅದಕ್ಕೆ ಹುಚ್ಚು ಹಿಡಿದರೆ ಕೆಂಪು ಸ್ವಿಚ್ ಒತ್ತುವುದಷ್ಟೇ ಅವರ ಕೆಲಸ. ಹರಿಣಿ ಯಂತ್ರಕ್ಕೆ ಬೆನ್ನು ಹಾಕಿ ಕಂಪ್ಯೂಟರಿನಲ್ಲಿ ಅದರ ಗ್ರಾಫಿನ ಗೆರೆಗಳನ್ನು ನೋಡುತ್ತ ಕೂರುತ್ತಿದ್ದಳು. ಕಣ್ಣಿಂದ ನೋಡಿ ನಂಬುವುದು ಗ್ಯಾರೇಜಿನವರ ಅಭ್ಯಾಸ, ನಮಗೆ ಅಂಕಿಗಳೇ ಪ್ರಮಾಣ ಎಂದು ಗೈಡು ಮೊದಲ ವರ್ಷವೇ ಕಲಿಸಿದ್ದರು. ನಾಳೆ ಹನ್ನೊಂದಕ್ಕೆ ಹೊರಗಿನ ಪರೀಕ್ಷಕರ ಮುಂದೆ ಅವಳ ಪಿಎಚ್‌.ಡಿ. ವೈವಾ. ತೋರಿಸಲು ಎರಡು ನಿಮಿಷದ ವಿಡಿಯೋ ಬೇಕೆಂದು ಇವತ್ತು ಕ್ಯಾಮೆರಾದ ಹಳೆಯ ಫೈಲುಗಳನ್ನು ತೆರೆಯದಿದ್ದರೆ ಅವಳು ಸುಖವಾಗಿ ಡಾಕ್ಟರ್ ಆಗಿಬಿಡುತ್ತಿದ್ದಳು.

“ಈ ಬೆರಳು ಯಾರದ್ದು?”

ಬಂಡೆಪ್ಪ ಕನ್ನಡಕ ಏರಿಸಿ ನೋಡಿದರು. “ನಂದೇ ಅದರಿ.”

“ಎಂಥಕ್ಕೆ ಮುಟ್ಟಿದ್ದು?”

“ಬೀಳಾಕತ್ತಿತ್ರಿ.”

“ಬೀಳ್ತದಾ ಇಲ್ವಾ ಅಂತ ನೋಡ್ಲಿಕ್ಕೇ ಅಲ್ವಾ ಮಾಮಾ ಪ್ರಯೋಗ ಮಾಡೋದು?”

“ಮೊದಲ್ನೇ ವರ್ಷ ಅದು ಬಿದ್ದಾಗೆಲ್ಲ ನೀವ್ ಬಾತ್‌ರೂಮಿಗೆ ಹೋಗಿ ಅತ್ತು ಬರ್ತಿದ್ರಿ. ನೋಡಾಕ ಆಗ್ಲಿಲ್ರಿ. ಒಂದ್ ಬೆರಳ ಹಚ್ಚಿದ್ರ ನಿಂದರ್ತದ. ದಬ್ಬಿಲ್ಲ ಮತ್ತ, ಬರೇ ಹಚ್ಚೀನಿ.”

“ಎಷ್ಟು ಸಲ?”

“ಲೆಕ್ಕ ಯಾರ ಇಟ್ಟಾರ್ರಿ.”

ಲೆಕ್ಕ ಇಟ್ಟವಳು ಹರಿಣಿ. ಸಾವಿರದ ನೂರ ನಲವತ್ತು ಸಲ. ಗ್ರಾಫಿನಲ್ಲಿ ಆಗಾಗ ಏಳುತ್ತಿದ್ದ ಆ ಸಣ್ಣ ಉಬ್ಬನ್ನು ಎರಡು ವರ್ಷದ ಹಿಂದೆ ಮೊದಲು ಗುರುತಿಸಿದವಳು ಅವಳೇ. ಯಾವ ಸಿದ್ಧಾಂತಕ್ಕೂ ಸಿಗದೆ ಯಂತ್ರವನ್ನು ಒಳಗಿನಿಂದಲೇ ಎತ್ತಿ ನಿಲ್ಲಿಸುವ ಈ ಬಲಕ್ಕೆ ಅವಳು ಹೆಸರಿಟ್ಟಳು, ಸಮೀಕರಣ ಬರೆದಳು. ಅದೇ ಪ್ರಬಂಧದ ಐದನೇ ಅಧ್ಯಾಯವಾಯಿತು. ಮಿಕ್ಕ ಅಧ್ಯಾಯಗಳು ಇದಕ್ಕೆ ಪೀಠಿಕೆಯಂತಿವೆ ಎಂದು ಪರೀಕ್ಷಕರು ಹೊಗಳಿ ಬರೆದಿದ್ದರು. ಮಧ್ಯಾಹ್ನ ಒಂದರಿಂದ ಎರಡರವರೆಗೆ ಈ ಬಲ ಮಾಯವಾಗುವುದು ಮೋಟಾರಿನ ಕಾವಿನಿಂದ ಎಂದು ಹರಿಣಿ ಹನ್ನೊಂದು ಪುಟ ವಾದಿಸಿದ್ದಳು.

“ಒಂದರಿಂದ ಎರಡರವರೆಗೆ ನೀವು ಎಲ್ಲಿರ್ತೀರಿ?” ಉತ್ತರ ಹೊಳೆದಿದ್ದರೂ ಕೇಳಿದಳು.

“ರೊಟ್ಟಿ ತಿನ್ನಾಕ ಹೋಗ್ತೀನ್ರಿ. ಸ್ವಿಚ್ಚಿಗೆ ವಾಚ್‌ಮನ್‌ನ ನಿಂದರ್ಸಿರ್ತೀನಿ. ಅಂವಾ ಭಾಳ ಕಡಕ್ ಮನಷ್ಯಾ, ಏನೂ ಮುಟ್ಟೂದಿಲ್ಲ.”

ಹರಿಣಿ ಕುರ್ಚಿಯನ್ನು ಯಂತ್ರದ ಕಡೆ ತಿರುಗಿಸಿಕೊಂಡಳು. “ಕೈಕಟ್ಟಿ ನಿಲ್ಲಿ ಮಾಮಾ. ದೇವರಾಣೆ ಮುಟ್ಟಬಾರದು.” ಯಂತ್ರ ಹತ್ತೊಂಬತ್ತು ಸೆಕೆಂಡು ನಿಂತು ದೊಪ್ಪನೆ ಬಿತ್ತು. ಎರಡನೇ ಸಲ ಇಪ್ಪತ್ತೆರಡು. ಮೂರನೇ ಸಲ ಹದಿನೇಳು. ಪ್ರತಿ ಸಲವೂ ಬಂಡೆಪ್ಪ ಅದನ್ನೆತ್ತಿ, ಧೂಳು ಕೊಡವಿ, ಆಟದಲ್ಲಿ ಬಿದ್ದ ಮೊಮ್ಮಗನನ್ನು ನಿಲ್ಲಿಸುವಂತೆ ನಿಲ್ಲಿಸಿದರು. ನಾನು ಹೇಳಲಿಲ್ಲವೇ ಎಂಬ ಮುಖ.

“ನಾಳಿ ನಾ ಇರ್ತೀನಲ್ರಿ,” ಎಂದರು. “ಯಾಕ ಚಿಂತಿ ಮಾಡ್ತೀರಿ? ಇಷ್ಟ ದಿನ ಯಾರಿಗರೆ ಗೊತ್ತಾಗೇದೇನು?”

ಅವಳು ಗೈಡಿಗೆ ಫೋನ್ ಮಾಡಿದಳು. ಪ್ರೊಫೆಸರ್ ಸೋಮನಾಥ ಶಿರಾಲಿ ದಾದರ್ ಸ್ಟೇಷನ್ನಿನಲ್ಲಿ ಲೋಕಲ್ ರೈಲು ಬದಲಿಸುತ್ತಿದ್ದರು. ಬೆರಳು, ರೊಟ್ಟಿ, ಹತ್ತೊಂಬತ್ತು ಸೆಕೆಂಡು, ಒಂದನ್ನೂ ಬಿಡದೆ ಹೇಳಿದಳು.

“ಬೇರೆ ಯಾರಿಗಾದ್ರೂ ಹೇಳಿದ್ದೀಯಾ?”

“ಇಲ್ಲ ಸರ್. ಡೇಟ್ ಮುಂದೆ ಹಾಕುವ ಸರ್. ಐದನೇ ಅಧ್ಯಾಯ ತೆಗೆದು ಪುನಃ ಬರೀತೇನೆ.”

“ತೆಗೆದ್ರೆ ಏನು ಉಳೀತದೆ? ನಾಲ್ಕೂವರೆ ವರ್ಷ ಆಯ್ತು ನಿಂಗೆ, ಫೆಲೋಶಿಪ್ ಜುಲೈಗೇ ಮುಗಿದಿದೆ. ನೋಡು, ವಿಡಿಯೋ ಬೇಡ. ನಾಳೆ ಡೆಮೊ ಲೈವ್ ಆಗೇ ಕೊಡು. ಬಂಡೆಪ್ಪನಿಗೆ ಹೇಳು, ಯಾವ ಕಾರಣಕ್ಕೂ ರಜೆ ಹಾಕಬಾರದು ಅಂತ. ಸೇಫ್ಟಿಗೆ ಒಬ್ಬರು ಬೇಕಲ್ಲ.” ಗಾಡಿ ಬಂತು, ಫೋನ್ ಕಟ್ಟಾಯಿತು.

ನಾಲ್ಕನೇ ಸಲವೂ ಬಿದ್ದ ಯಂತ್ರದ ಪಕ್ಕದಲ್ಲಿ ಬಂಡೆಪ್ಪ ಮತ್ತೆ ಕೈಕಟ್ಟಿ ನಿಂತಿದ್ದರು. “ಏನಂದ್ರರಿ ಸಾಹೇಬ್ರು?”

ಹರಿಣಿ ನೆಲದ ಮೇಲೆ ಬಿದ್ದು ಗಾಲಿ ತಿರುಗಿಸುತ್ತಿದ್ದ ಯಂತ್ರವನ್ನು ನೋಡಿದಳು. ನಂತರ ಅವರನ್ನು.

“ನಾಳೆ ನಿಮಗೆ ರಜೆಯಂತೆ,” ಎಂದಳು.