ಸೂಟ್‌ಕೇಸಿನ ಒಂಬತ್ತನೆಯ ಕ್ಲಬ್

ಡಾಕ್ಟರರು ಬಲ ಮಂಡಿಯನ್ನು ಒತ್ತಿದಾಗ ಅವನು ಹಲ್ಲು ಕಚ್ಚಿ ನಕ್ಕ. ನೋವಾದಾಗ ನಗುವುದು ಎಂಟು ಫುಟ್‌ಬಾಲ್ ಕ್ಲಬ್‌ಗಳಲ್ಲಿ ಕಲಿತ ವಿದ್ಯೆ. ಇದು ಒಂಬತ್ತನೆಯದು.

"ಓಡೋಕಾಗುತ್ತಾ?"

"ಕುದುರೆ ಥರ, ಸಾರ್."

ಡಾಕ್ಟರರು ಓಡಿಸಿ ನೋಡಲಿಲ್ಲ. ಸಹಿ ಹಾಕಿ ಕಾಗದ ಪಕ್ಕಕ್ಕಿಟ್ಟರು. ಆಮೇಲೆ ಬೆಂಚಿನ ಮೇಲೆ ಕೂತಿದ್ದ ಅಪ್ಪನ ತೋಳಿಗೆ ಪಟ್ಟಿ ಸುತ್ತಿ ರಕ್ತದೊತ್ತಡ ನೋಡಿದರು. ಬಗ್ಗಿಸಿದರು, ಏಳಿಸಿದರು, ನಿದ್ದೆ ಚೆನ್ನಾಗಿ ಬರುತ್ತದೆಯೇ ಎಂದು ವಿಚಾರಿಸಿದರು. ಹಿರಿಯರಿಗೆ ಇಷ್ಟು ಮರ್ಯಾದೆ ಕೊಡುವ ಡಾಕ್ಟರರನ್ನು ಅವನು ಕಂಡೇ ಇರಲಿಲ್ಲ.

ವಯಸ್ಸು ಮೂವತ್ತಾರು. ಜೊತೆ ಆಟಗಾರರು ಇಟ್ಟ ಹೆಸರು ಸೂಟ್‌ಕೇಸ್. ಹದಿನಾಲ್ಕು ವರ್ಷಗಳಲ್ಲಿ ಹತ್ತೊಂಬತ್ತು ಗೋಲು. ಅದರಲ್ಲಿ ಎರಡು ತನ್ನ ತಂಡದ ಬಲೆಗೇ. ಪ್ರೇಕ್ಷಕರು ಯಾರೂ ಅವನಿಗಾಗಿ ಕೂಗಿದ್ದಿಲ್ಲ. ಆದರೆ ಮ್ಯಾನೇಜರುಗಳ ಮಾತೇ ಬೇರೆ. ಅವನು ಕ್ಲಬ್ ಬಿಟ್ಟಾಗಲೆಲ್ಲ ಬಸ್ ನಿಲ್ದಾಣದವರೆಗೂ ಬರುತ್ತಿದ್ದರು, ಅಪ್ಪನ ಚೀಲವನ್ನು ತಾವೇ ಹೊತ್ತು. ಒಬ್ಬರಂತೂ ಅತ್ತೇಬಿಟ್ಟಿದ್ದರು. ಅವನು ಬಿಟ್ಟ ಕ್ಲಬ್ಬು ಮುಂದಿನ ವರ್ಷ ಕೆಸರಲ್ಲಿ ಜಾರಿ ಜಾರಿ ಅಂಕಪಟ್ಟಿಯ ತಳ ಸೇರುತ್ತಿತ್ತು. ಎಲ್ಲ ತನ್ನ ಕಾಲ್ಗುಣ ಎಂದು ಅವನು ವಿನಯದಿಂದಲೇ ನಂಬಿದ್ದ.

ನಿಜ ಹೇಳಬೇಕೆಂದರೆ ಅವನಿಗೆ ಆಟ ಸಾಕಾಗಿ ನಾಲ್ಕು ವರ್ಷವಾಗಿತ್ತು. ಅಕ್ಕನ ಊರಲ್ಲಿ ಮಕ್ಕಳಿಗೆ ಆಟ ಹೇಳಿಕೊಡುವ ಕೆಲಸ ಕಾದಿತ್ತು. ಮಂಡಿಯೂ ಪ್ರತಿ ಬೆಳಗ್ಗೆ ಅದನ್ನೇ ನೆನಪಿಸುತ್ತಿತ್ತು. ಅಡ್ಡಿ ಅಪ್ಪ. ಅಮ್ಮ ಹೋದ ಮೇಲೆ ಒಂದು ತಿಂಗಳು ಮಾತೇ ಆಡದಿದ್ದ ಮನುಷ್ಯ, ಮೊದಲ ಕ್ಲಬ್ಬಿನ ಮೈದಾನದ ಹುಲ್ಲಿಗೆ ನೀರು ಹಾಯಿಸುವ ಕೆಲಸ ಸಿಕ್ಕ ದಿನ ಬಾಯಿಬಿಟ್ಟಿದ್ದರು. ಅದನ್ನು ಕೊಡಿಸಿದ್ದು ಅವನು, ಕಾಡಿ ಬೇಡಿ. ಆಟ ಬಿಟ್ಟರೆ ಕ್ಲಬ್ಬಿಲ್ಲ, ಕ್ಲಬ್ಬಿಲ್ಲದಿದ್ದರೆ ಹುಲ್ಲಿಲ್ಲ. ಹುಲ್ಲಿಲ್ಲದಿದ್ದರೆ ಅಪ್ಪ ಮತ್ತೆ ಮಾತು ಬಿಟ್ಟುಬಿಡುತ್ತಾರೆ ಎಂಬ ಭಯ ಅವನಿಗೆ. ಹೋದ ಮಂಗಳವಾರ ಅಪ್ಪ ಕನ್ನಡಕ ರಿಪೇರಿಗೆಂದು ಒಬ್ಬರೇ ಬಸ್ಸು ಹತ್ತಿ ಹೋಗಿ, ಅದೇ ಒಡಕು ಗಾಜು ಹಾಕಿಕೊಂಡು ಸಂಜೆ ಮರಳಿದ್ದರು. ಪಾಪ, ಮರೆವು ಶುರುವಾಗಿದೆ ಅಂದುಕೊಂಡಿದ್ದ.

ಮಹಡಿಯ ಕೋಣೆಯಲ್ಲಿ ಮ್ಯಾನೇಜರು ಒಂದು ಹಾಳೆಯ ಕರಾರು ಮುಂದಿಟ್ಟರು. ಎರಡು ವರ್ಷ. ಪೆನ್ನು ಎತ್ತಿಕೊಂಡವನು ತಡೆದ.

"ನಂದೊಂದು ಷರತ್ತಿದೆ ಸಾರ್. ಅಪ್ಪಂಗೆ ಮೈದಾನದಲ್ಲಿ ಏನಾದ್ರೂ ಕೆಲಸ ಕೊಡಬೇಕು. ಸಣ್ಣದಾದ್ರೂ ಪರವಾಗಿಲ್ಲ."

ಮ್ಯಾನೇಜರು ಕಿಟಕಿಯಾಚೆ ನೋಡಿದರು. ಕೆಳಗೆ ಅಪ್ಪ ಆಗಲೇ ಚಪ್ಪಲಿ ಬಿಟ್ಟು, ಗೋಲಿನ ಮುಂದೆ ಕುಕ್ಕರಗಾಲಲ್ಲಿ ಕೂತು ಮಣ್ಣನ್ನು ಮೂಸುತ್ತಿದ್ದರು. ಮ್ಯಾನೇಜರಿಗೆ ಯಾಕೋ ಕೆಮ್ಮು ಬಂತು.

"ಕಷ್ಟ," ಎಂದರು ಗಂಭೀರವಾಗಿ. "ಆದ್ರೂ ನಿಮಗೋಸ್ಕರ ಒಪ್ಕೋತೀನಿ."

ಅವನು ಸಹಿ ಹಾಕಿ, ಮೆಟ್ಟಿಲನ್ನು ಒಂದೊಂದಾಗಿ ಇಳಿದು, ಅಪ್ಪ ಕಾಣುವಲ್ಲಿಗೆ ಬಂದ ಮೇಲೆ ಕುಂಟುವುದನ್ನು ನಿಲ್ಲಿಸಿದ.

"ಆಯ್ತಪ್ಪ. ನಿಂಗೂ ಕೆಲಸ ಕೊಡಿಸಿದೀನಿ. ಎರಡು ವರ್ಷ."

"ಎರಡಾ?" ಅಪ್ಪ ಸೊಂಟ ಹಿಡಿದುಕೊಂಡು ಎದ್ದರು. "ನಿಂಗೆ ಖುಷಿ ತಾನೇ?"

"ನಂಗೇನು, ಬಹಳ ಖುಷಿ. ನಿಂಗೆ?"

"ನಿಂಗಾದ್ರೆ ನಂಗೂ ಆದಂಗೇ ಬಿಡು."

ಇಬ್ಬರೂ ನಕ್ಕರು. ಅಪ್ಪ ಮಗನ ಹೆಗಲ ಮೇಲೆ ಕೈಯಿಟ್ಟು ಚಪ್ಪಲಿ ಹಾಕಿಕೊಂಡರು.

ಮಹಡಿಯ ಮೇಲೆ ಮ್ಯಾನೇಜರು ಆ ಒಂದು ಹಾಳೆಯನ್ನು, ಹೋದ ಮಂಗಳವಾರವೇ ಸಹಿಯಾಗಿದ್ದ ಆರು ಹಾಳೆಗಳ ಇನ್ನೊಂದು ಕರಾರಿಗೆ ಪಿನ್ನು ಹೊಡೆದು ಸೇರಿಸಿದರು. ಅದರ ಕೊನೆಯಲ್ಲಿ ಅಪ್ಪನ ಸೊಟ್ಟ ಅಕ್ಷರಗಳಿದ್ದವು: "ನಾನು ಬರಬೇಕಾದರೆ ನನ್ನ ಮಗನನ್ನೂ ತಂಡಕ್ಕೆ ಸೇರಿಸಿಕೊಳ್ಳಬೇಕು. ಆಟ ಬಿಟ್ಟರೆ ಹುಡುಗ ಕೊರಗಿಬಿಡುತ್ತಾನೆ. ಇಲ್ಲದಿದ್ದರೆ ನಾನು ಎಂದೋ ಈ ಹುಲ್ಲು ಬಿಟ್ಟು ಮಗಳ ಮನೆಯಲ್ಲಿ ಕಾಲು ಚಾಚಿ ಕೂರುತ್ತಿದ್ದೆ."