ಇನ್ನೂ ಹುಡುಗ

ಬಸ್ ನಿಲ್ದಾಣದಲ್ಲಿ ಪಿಯುಸಿ ಹುಡುಗಿಯೊಬ್ಬಳ ತಲೆ ಒಡೆದವನನ್ನು ಜನರೇ ಹಿಡಿದು ಠಾಣೆಗೆ ತಂದಿದ್ದರು. ಹುಡುಗಿಯನ್ನು ಆಸ್ಪತ್ರೆಗೆ ಸಾಗಿಸಿದ್ದರು. ಒಲ್ಲೆ ಅಂದದ್ದಕ್ಕೆ ಕೈಮಾಡಿದ ಇನ್ನೊಬ್ಬ ಪ್ರೇಮಿ ಎಂದುಕೊಂಡಳು ಸಬ್ ಇನ್‌ಸ್ಪೆಕ್ಟರ್ ನಳಿನಾಕ್ಷಿ. ಅವನ ಬಾಯಿ ಬಿಡಿಸುವಷ್ಟರಲ್ಲಿ ಅವನ ತಾಯಿ ಏದುಸಿರು ಬಿಡುತ್ತಾ ಓಡಿಬಂದಳು.

“ಬುಟ್ಬುಡಿ ಮೇಡಮ್ಮೋರೆ, ಅವ್ನಿನ್ನೂ ಹುಡುಗ. ಬಿಸಿರಕ್ತ, ಕೈ ಮುಂದಾಯ್ತು.”

“ವಯಸ್ಸೆಷ್ಟು?”

“ಇಪ್ಪತ್ತೆರಡು ತುಂಬ್ತು.”

“ಅವಳಿನ್ನೂ ಪಿಯುಸಿ ಓದ್ತಿರೋಳು. ಅವಳು ಹುಡುಗಿ ಅಲ್ವಾ?”

“ಅವ್ಳೇನ್ ಮಗೀನಾ? ಬೆಳೆದು ನಿಂತಿರೋ ಹೆಂಗ್ಸು. ಯಾವನ್ ಜೊತೆಗೋ ಬೀದೀಲಿ ನಕ್ಕೊಂಡು ನಿಂತಿದ್ರೆ ಯಾರಿಗ್ ತಾನೆ ಸಿಟ್ಟು ಬರಾಕಿಲ್ಲ?”

ನಳಿನಾಕ್ಷಿಗೆ ಮೈ ಉರಿದುಹೋಯಿತು. ಎದ್ದು ಜೀಪಿನ ಕೀ ಕೈಗೆತ್ತಿಕೊಂಡಳು.

“ನಡಿಯಮ್ಮ ಆಸ್ಪತ್ರೆಗೆ. ಅಲ್ಲಿ ಅವಳ ತಲೆಗೆ ಹೊಲಿಗೆ ಹಾಕ್ತಿದಾರೆ. ಈ ಮಾತನ್ನ ಅವಳ ತಾಯಿ ಮುಖ ನೋಡ್ಕೊಂಡು ಹೇಳು, ನೋಡೋಣ.”

ಹೆಂಗಸು ಕದಲಲಿಲ್ಲ. ಸೆರಗಿನ ತುದಿಯಿಂದ ಮಗನ ಹಣೆಯ ಬೆವರು ಒರೆಸುತ್ತಲೇ ಅಂದಳು:

“ಅವ್ಳನ್ನ ಹೆತ್ತೋಳೂ ನಾನೇ ಕಣವ್ವ.”